ಹೇಂಟೆ ಜಾಗ ಬದಲಿಸಿದ ಶುಕ್ರವಾರ

ಎಂಬೋಲೇನಿ ಊರಿನಲ್ಲಿ ಕಳೆದ ವಾರ ನಡೆದ ಅತಿ ಗಂಭೀರ ಸಂಗತಿಯೆಂದರೆ, ಮಾಗತ್ಯೇನಿ ಅಜ್ಜಿಯ ಕೆಂಪು ಹೇಂಟೆ ಮೊಟ್ಟೆಯಿಡುವ ಜಾಗವನ್ನು ಬದಲಾಯಿಸಿದ್ದು. ಮೇಲಿನ ಮನೆಯ ವೆಲಾಫಿ ಮಿಯಾನ ದೊಡ್ಡಿಯಿಂದ ಹನ್ನೊಂದು ದನ ಕಳುವಾದದ್ದು ಇದರ ಮುಂದೆ ಸಣ್ಣ ಮಾತು. ಕಡೇಪಕ್ಷ ಅಜ್ಜಿಯ ಲೆಕ್ಕದಲ್ಲಿ.

"ಬರ್ಕೋ ಮಾಡ್ಲೋಮೊ," ಎಂದಳು ಅಜ್ಜಿ. "ಪೊಲೀಸರು ಅಂದ್ಮೇಲೆ ಬರ್ಕೋಬೇಕು ತಾನೆ?"

ದನಗಳ್ಳತನ ವಿಭಾಗದ ಸಾರ್ಜೆಂಟ್ ನೊಮ್ಫುನೆಕೊ ಜಿಜಾನಾ ಬರೆದುಕೊಳ್ಳಲಿಲ್ಲ. ಒಂದು ಕೈಯಲ್ಲಿ ಚಹಾದ ತಗಡಿನ ಲೋಟ, ಇನ್ನೊಂದರಲ್ಲಿ ಅರ್ಧ ತಿಂದ ಗ್ವಿನ್ಯಾ. ಎಣ್ಣೆಯಲ್ಲಿ ಕರಿದ ಆ ಉಬ್ಬುರೊಟ್ಟಿಯನ್ನು ಬಿಸಿಯಿರುವಾಗ ಕೆಳಗಿಡುವುದು ಕಾನೂನಿನಲ್ಲಿ ಇಲ್ಲದಿದ್ದರೂ ಅಪರಾಧವೇ ಎಂದು ನಂಬಿದವಳು ಆಕೆ. ಠಾಣೆಯಲ್ಲಿ ಅವಳು ಸಾರ್ಜೆಂಟ್. ಊರೊಳಗೆ ಕಾಲಿಟ್ಟರೆ ಡ್ಲೋಮೊ ಕುಲದ ಮಗಳು, ಮಾಡ್ಲೋಮೊ. ಇಲ್ಲಿ ಹೆಂಗಸನ್ನು ಅಪ್ಪನ ಕುಲದ ಹೆಸರಿನಿಂದಲೇ ಕರೆಯುತ್ತಾರೆ. ಮದುವೆಯಾದರೂ, ಮೊಮ್ಮಕ್ಕಳಾದರೂ, ಪಿಸ್ತೂಲು ಸಿಕ್ಕಿಸಿಕೊಂಡರೂ ಅದು ಬಿಡುವುದಿಲ್ಲ.

"ತಲೇಲಿ ಇಟ್ಕೋತೀನಿ ಅಜ್ಜಿ. ಹೇಳಿ."

"ಚಳಿ ಶುರುವಾದಾಗಿಂದ ಇಲ್ಲೇ ಕೂತಿದ್ಲು, ಈ ಫೋನಿನ ಪೆಟ್ಟಿಗೆ ಮೇಲೆ. ಬೆಚ್ಚಗಿರುತ್ತಲ್ಲ. ಶುಕ್ರವಾರ ನೋಡ್ತೀನಿ, ಇಲ್ಲ! ನರಿ ಹೊತ್ಕೊಂಡ್ ಹೋಯ್ತು ಅಂತ ಅಳೋದೂ ಆಯ್ತು."

"ಆಮೇಲೆ?"

"ಅಳೋದು ಮುಗ್ಸಿ ಹುಡುಕಿದ್ರೆ ವೆಲಾಫಿ ದೊಡ್ಡೀಲಿದಾಳೆ! ಗೋಡೆ ಮೇಲೆ ಇಂಥದ್ದೇ ಪೆಟ್ಟಿಗೆ ಇದೆಯಲ್ಲ, ಅದರ ಮೇಲೆ ರಾಣಿ ಥರ. ಹುಡುಗರ ಕೈಲಿ ಎತ್ತಿಸ್ಕೊಂಡು ಬಂದ್ರೆ ಮತ್ತೆ ಅಲ್ಲಿಗೇ ಓಟ. ಶನಿವಾರದ ಮೊಟ್ಟೆ ಅಲ್ಲಿ, ಭಾನುವಾರದ್ದೂ ಅಲ್ಲಿ. ನಿನ್ನೆ ಬೆಳಿಗ್ಗೆ ಏನೂ ಆಗ್ದೋಳ ಥರ ವಾಪಸ್ ಬಂದು ಕೂತಿದಾಳೆ. ಅವನೇ ಕಾಳು ಹಾಕಿ ಕರೆಸ್ಕೊಂಡದ್ದು. ದನ ಹೋದ್ವು ನೋಡು, ತಕ್ಕ ಶಾಸ್ತಿ."

ಸಾರ್ಜೆಂಟ್ ಜಿಜಾನಾ ಅಗಿಯುವುದನ್ನು ನಿಲ್ಲಿಸಿದಳು. ಗ್ವಿನ್ಯಾವನ್ನು ಕೆಳಗಿಟ್ಟಳು.

ಎದ್ದು, ಬಾಗಿಲ ಪಕ್ಕದ ಮರದ ಗೂಡಿನಲ್ಲಿದ್ದ ಪೆಟ್ಟಿಗೆಯ ಹತ್ತಿರ ಹೋದಳು. ಹೇಂಟೆ ಅವಳನ್ನು ಓರೆಗಣ್ಣಿನಿಂದ ನೋಡಿತು. ಅದರ ಹೊಟ್ಟೆಯಡಿಗೆ ಬೆರಳು ತೂರಿಸಿ ಪೆಟ್ಟಿಗೆಯನ್ನು ಮುಟ್ಟಿದಳು. ಬೆಚ್ಚಗಿತ್ತು. ಹೇಂಟೆ ಕುಕ್ಕಿತು. ಸರಕಾರಿ ನೌಕರಳ ಮೇಲಿನ ಹಲ್ಲೆಯನ್ನು ಆಕೆ ಕ್ಷಮಿಸಿದಳು.

"ನೊಸಾಂಗೊ," ಎಂದು ಕರೆದಳು. "ಇಲ್ಲಿ ಬಾಮ್ಮ."

ಹೊಸ್ತಿಲ ಆಚೆ ಬಟ್ಟೆಯ ಗಂಟಿನ ಮೇಲೆ ಕೂತಿದ್ದ ಹೆಂಗಸು ಎದ್ದು ಬಂದಳು. ನೊಸಾಂಗೊ ವೆಲಾಫಿಯ ಸೊಸೆ. ಗಂಡ ದೂರದ ಪ್ಲಾಟಿನಂ ಗಣಿಯಲ್ಲಿ; ಅತ್ತೆ ತೀರಿಕೊಂಡು ವರ್ಷಗಳಾದವು. ಊರಿನ ದಿಣ್ಣೆದಿಣ್ಣೆಯ ಮೇಲೂ ಕಂಬ ನೆಟ್ಟು, ಸೋಲಾರ್ ತಗುಲಿಸಿ, ಸಹಕಾರ ಸಂಘ ಕಟ್ಟಿಕೊಂಡ, ಫೋನುಗಳಿಗೆ ಸಂಪರ್ಕ ಕೊಡುವ ಈ ಪೆಟ್ಟಿಗೆಗಳ ಜಾಲವನ್ನು ನೋಡಿಕೊಳ್ಳುವವಳು ಅವಳೇ. ಶನಿವಾರದವರೆಗೆ ಊರಿನ ಹೆಮ್ಮೆಯ ಸೊಸೆ. ಶನಿವಾರದ ನಂತರ ಕಳ್ಳರ ಕೈಯಾಳು.

ಶನಿವಾರ ಸಂಜೆ ಫುಟ್‌ಬಾಲ್ ಕಪ್ಪಿನ ಕೊನೆಯ ಪಂದ್ಯವಿತ್ತು. ಊರಿಗೂರೇ ಫೋನಿನೊಳಗೆ ಮುಖ ತೂರಿಸಿ ಕೂತಿತ್ತು. ಆಗ ಯಾರೋ ವೆಲಾಫಿಯ ದೊಡ್ಡಿಯ ಬಾಗಿಲು ತೆಗೆದರು. ಬಾಗಿಲು ಅಲುಗಿದ ಕೂಡಲೇ ಊರಿನ ಪ್ರತಿ ಫೋನೂ ಅರಚಿಕೊಳ್ಳಬೇಕಿತ್ತು. ಜಾಲ ಕಟ್ಟಿದ್ದೇ ಅದಕ್ಕೆ. ಅರಚಿದವು, ನಿಜ. ಆದರೆ ಪಂದ್ಯ ಮುಗಿದು, ಗೆದ್ದವರು ಹಾಡಿ, ಸೋತವರು ರೆಫರಿಯ ವಂಶವನ್ನೆಲ್ಲ ಬೈದು ಮುಗಿಸಿದ ಮೇಲೆ. ಅಷ್ಟರಲ್ಲಿ ದನಗಳು ನದಿ ದಾಟಿದ್ದವು.

ಇವತ್ತು ಮಧ್ಯಾಹ್ನ ಊರ ನಾಯಕ ರಾಡೇಬೆಯ ಮನೆಯಲ್ಲಿ ಸಭೆ. ನೊಸಾಂಗೊ ತಪ್ಪಿತಸ್ಥೆಯೆಂದು ಸಭೆ ಹೇಳಿದರೆ ಅವಳು ತವರಿಗೆ, ಕಂಬಗಳು ಗುಜರಿಗೆ. ಗಂಟು ಆಗಲೇ ಕಟ್ಟಿಯಾಗಿತ್ತು. ಮಾವ ಮಾತು ಬಿಟ್ಟಿದ್ದರಿಂದ ಅಜ್ಜಿಯ ಹೊಸ್ತಿಲಲ್ಲಿ ಕಾಯುತ್ತಿದ್ದಳು.

"ಪೆಟ್ಟಿಗೆ ಬಿಸಿ ಆಗೋದು ಯಾವಾಗ?" ಸಾರ್ಜೆಂಟ್ ಕೇಳಿದಳು.

"ಕೆಲಸ ಜಾಸ್ತಿ ಇದ್ದಾಗ. ಅಜ್ಜಿ ಮನೆ ಊರ ನಡುವೆ ಇದೆ, ಸುಮಾರು ಮೆಸೇಜು ಇದರ ಮೂಲಕವೇ ಹೋಗ್ತವೆ. ಅದಕ್ಕೇ ಯಾವಾಗ್ಲೂ ಬೆಚ್ಚಗೆ."

"ಯಾವುದರ ಮೂಲಕ ಹೋಗ್ಬೇಕು ಅಂತ ಹೇಳೋರ್ಯಾರು?"

"ಯಾರೂ ಹೇಳಲ್ಲ, ಮಾಡ್ಲೋಮೊ. ಟವರ್ ಇಲ್ಲವಲ್ಲ ನಮಗೆ, ಒಂದು ಪೆಟ್ಟಿಗೆ ಇನ್ನೊಂದರ ಕೈಗೆ ದಾಟಿಸುತ್ತೆ. ದಾಟಿಸೋ ಮುಂಚೆ ಕೇಳುತ್ತೆ, ನಿನ್ನ ಹತ್ರ ಸಾಲು ಎಷ್ಟುದ್ದ ಇದೆ ಅಂತ. ಸಾಲು ಚಿಕ್ಕದಿದ್ದ ಕಡೆ ಕಳಿಸುತ್ತೆ. ನೀರಿಗೆ ಹೋದಾಗ ನಾವು ಮಾಡಲ್ವಾ? ಕೆಳಗಿನ ನಲ್ಲೀಲಿ ಬಿಂದಿಗೆ ಸಾಲು ಉದ್ದ ಇದ್ರೆ, ಸುತ್ತಾದ್ರೂ ಮೇಲಿನ ನಲ್ಲಿಗೆ ಹೋಗ್ತೀವಿ."

"ಮೇಲಿನ ನಲ್ಲಿ ಹತ್ರ ಇರೋಳು ಸುಳ್ಳು ಹೇಳಿದ್ರೆ? 'ಇಲ್ಲಿ ಯಾರೂ ಇಲ್ಲ, ಎಲ್ಲ ಬನ್ನಿ' ಅಂತ?"

ನೊಸಾಂಗೊ ತಲೆ ಎತ್ತಿದಳು. ಮೂರು ದಿನದಿಂದ ನೆಲ ನೋಡುತ್ತಿದ್ದ ಕಣ್ಣುಗಳಲ್ಲಿ ಏನೋ ಹೊತ್ತಿಕೊಂಡಿತು.

"ಎಲ್ಲರೂ ಅಲ್ಲಿಗೇ ನುಗ್ತಾರೆ. ಹೋಗಿ ನಿಂತ್ಮೇಲೆ ಗೊತ್ತಾಗುತ್ತೆ. ಅಷ್ಟರಲ್ಲಿ ಸಾಲಲ್ಲಿ ಸಿಕ್ಕಾಕೊಂಡಿರ್ತಾರೆ."

"ಪೆಟ್ಟಿಗೆ ಕೈಲಿ ಸುಳ್ಳು ಹೇಳಿಸೋಕೆ ಆಗುತ್ತಾ?"

"ಆಗುತ್ತೆ." ಅವಳ ದನಿ ಸಣ್ಣದಾಯಿತು. "ಒಳಗೆ ಒಂದು ಗುಂಡಿ ಇದೆ. ಒತ್ತಿ ಹಿಡಿದ್ರೆ ಪರೀಕ್ಷೆಗೆ ಬೀಳುತ್ತೆ. ಆಗ ಮೈಮೇಲೆ ಊರೇ ಬಿದ್ದಿದ್ರೂ 'ನಾನು ಖಾಲಿ ಇದೀನಿ' ಅಂತಾನೇ ಹೇಳುತ್ತೆ. ಹೊಸ ಪೆಟ್ಟಿಗೆ ಎಷ್ಟು ಹೊರೆ ತಡೆಯುತ್ತೆ ಅಂತ ನೋಡೋಕೆ ನಮ್ಮ ಇಂಜಿನಿಯರ್ ಮ್ಖುಸೆಲಿ ಅಣ್ಣ ಇಟ್ಟದ್ದು. ತರಬೇತೀಲಿ ಎಲ್ಲರಿಗೂ ತೋರಿಸಿದ್ದ."

"ದೂರದಿಂದ? ಪಾಸ್‌ವರ್ಡ್ ಹಾಕಿ?"

"ಇಲ್ಲ. ಎದುರು ನಿಂತು ಬೆರಳಲ್ಲೇ ಒತ್ತಬೇಕು."

"ಮತ್ತೆ ನೀನು ಪೆಟ್ಟಿಗೆಗಳನ್ನ ನೋಡ್ಲಿಲ್ವಾ?"

"ಭಾನುವಾರ ಎಲ್ಲ ನೋಡಿದೆ. ಒಂದು ಬಿಟ್ಟು. ಆಮೇಲೆ ಮ್ಖುಸೆಲಿ ಅಣ್ಣ ಕತ್ತಲಾಗೋ ಹೊತ್ತಿಗೆ ಇಡೀ ಜಾಲ ಆರಿಸಿ ಮತ್ತೆ ಹೊತ್ತಿಸಿದ. ಹಳೇದೆಲ್ಲ ಅಳಿಸಿ ಹೋಯ್ತು. ಪರೀಕ್ಷೆಗೆ ಹಾಕಿದ್ದೂ ತಾನಾಗೇ ಬಿಟ್ಟು ಹೋಗಿರುತ್ತೆ."

ಎಲ್ಲ ಅಳಿಸಿತ್ತು, ಹೇಂಟೆಯೊಂದನ್ನು ಬಿಟ್ಟು. ಶುಕ್ರವಾರ ದೊಡ್ಡಿಯ ಪೆಟ್ಟಿಗೆ ಬಿಸಿಯಾಯಿತು, ಅಜ್ಜಿಯದು ತಣ್ಣಗಾಯಿತು. ಹೇಂಟೆ ಎದ್ದು ಹೋಯಿತು. ಭಾನುವಾರ ಕತ್ತಲಿಗೆ ಸುಳ್ಳು ಅಳಿಸಿತು. ಸೋಮವಾರ ಹೇಂಟೆ ಮನೆಗೆ ಬಂತು. ಇಷ್ಟು ಸ್ಪಷ್ಟವಾದ ಸಾಕ್ಷಿಯನ್ನು ಸಾರ್ಜೆಂಟ್ ಜಿಜಾನಾ ಕೋರ್ಟಿನಲ್ಲಿ ಎಂದೂ ಕೇಳಿರಲಿಲ್ಲ. ವಕೀಲರು ತಿರುಚಲೂ ಆಗದು.

"ಬಿಟ್ಟದ್ದು ಯಾವ ಪೆಟ್ಟಿಗೆ?"

"ನಮ್ಮ ಮನೇದು," ಎಂದಳು ನೊಸಾಂಗೊ. ಅಷ್ಟು ಹೇಳಿದರೆ ಸಾಕು ಎನ್ನುವಂತೆ.

ಸಾಕಾಗಿತ್ತು.

ವೆಲಾಫಿ ಮಿಯಾ ಖಾಲಿ ದೊಡ್ಡಿಯ ಕಲ್ಲುಗೋಡೆಗೆ ಒರಗಿ ಕೊಳವೆ ಸೇದುತ್ತಿದ್ದ. ದೊಡ್ಡ ಮೈ, ದೊಡ್ಡ ಕೋಟು, ದನ ಕಳಕೊಂಡವನಿಗೆ ಇರಬೇಕಾದಷ್ಟೇ ದೊಡ್ಡ ದುಃಖ. ಮನೆ ಒಂದು ಕಡೆ, ದೊಡ್ಡಿ ಇನ್ನೊಂದು ಕಡೆ, ನಡುವೆ ಗುಡಿಸಿದ ಅಂಗಳ.

"ಒಳಗೆ ಬರಬಹುದಾ, ಮಿಯಾ?"

"ನೀನು ಪೊಲೀಸು. ಹೆಂಗಸೂ ಅಲ್ಲ, ಗಂಡಸೂ ಅಲ್ಲ. ಬಾ."

"ಹೊಗಳಿಕೆ ಅಂತ ತಗೋತೀನಿ," ಎಂದು ಸಾರ್ಜೆಂಟ್ ಒಳಗೆ ಹೋದಳು. ಪೆಟ್ಟಿಗೆಯ ತಗಡಿನ ಮುಚ್ಚಳದ ಮೇಲೆ ಕೆಂಪು ಪುಕ್ಕವೊಂದು ಅಂಟಿಕೊಂಡಿತ್ತು, ಜೊತೆಗೆ ಒಣಗಿದ ಹಿಕ್ಕೆ, ಹೇಂಟೆ ಇದ್ದುದಕ್ಕೆ ಇನ್ನೂ ಗಟ್ಟಿಯಾದ ಪುರಾವೆ. ಮುಟ್ಟಿದರೆ ಈಗ ಕಲ್ಲಿನಷ್ಟು ತಣ್ಣಗೆ.

"ಹೇಂಟೆಗೆ ಕಾಳು ಹಾಕ್ತಿದ್ರಾ?"

"ಆ ಮುದುಕಿ ನಿನ್ನ ಕಿವೀನೂ ತಿಂದ್ಳಾ? ನನ್ನ ದನ ಹುಡುಕೋದು ಬಿಟ್ಟು ಕೋಳಿ ಹಿಂದೆ ಬಿದ್ಯಲ್ಲ ತಾಯಿ."

"ಶನಿವಾರ ಪಂದ್ಯ ನೋಡಿದ್ರಾ?"

"ಒಂದು ಚೆಂಡಿನ ಹಿಂದೆ ಅಷ್ಟು ಗಂಡಸರು ಓಡೋದು ನೋಡೋಕೆ ನಂಗೇನು ಹುಚ್ಚಾ? ಹುಟ್ಟಿದಾಗಿಂದ ನೋಡಿಲ್ಲ. ಮಲಗಿದ್ದೆ." ಕೊಳವೆಯನ್ನು ಗೋಡೆಗೆ ಕುಟ್ಟಿದ. "ಈಗ ಚಹಾ ಕುಡಿ. ಏಯ್, ಚಹಾ!"

ಸಾರ್ಜೆಂಟಳ ಹಿಂದೆಯೇ ಮನೆಗೆ ಬಂದಿದ್ದ ನೊಸಾಂಗೊ ಬಾಗಿಲಲ್ಲಿ ಕಾಣಿಸಿಕೊಂಡಳು. ಗಂಟು ಕಟ್ಟಿದ ಸೊಸೆಯೂ ಚಹಾ ಅಂದರೆ ಚಹಾ ತರಬೇಕು. ತಟ್ಟೆ ಹಿಡಿದು ಅಂಗಳದ ಅಂಚಿಗೆ ಬಂದಳು. ಕೂಗಳತೆಗಿಂತಲೂ ಹತ್ತಿರದಲ್ಲಿ ದೊಡ್ಡಿ. ಅವಳು ನೇರ ಬರಲಿಲ್ಲ. ತಿರುಗಿ ಮನೆಗಳ ಹಿಂದಿನಿಂದ, ಕಸದ ಗುಂಡಿಯ ಪಕ್ಕದಿಂದ, ಮುಳ್ಳುಬೇಲಿ ಸುತ್ತಿಕೊಂಡು ಹೊರಟಳು. ದೊಡ್ಡಿಯಿಂದ ದೂರದಲ್ಲೇ ನಿಂತು ತಟ್ಟೆಯನ್ನು ನೆಲಕ್ಕಿಟ್ಟು, ತಲೆ ತಗ್ಗಿಸಿ, ಬಂದ ದಾರಿಯಲ್ಲೇ ಹೋದಳು. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಆ ಅಂಗಳವನ್ನು ಅವಳ ಕಾಲು ತುಳಿದಿಲ್ಲ. ಮಾವನ ಹೆಸರನ್ನು ನಾಲಗೆ ನುಡಿದಿಲ್ಲ. ಹೊರಗಿನಿಂದ ಬಂದ ಹೆಣ್ಣಿಗೆ ಗಂಡನ ಕುಲದ ದೊಡ್ಡಿ, ಅದರ ಮುಂದಿನ ಅಂಗಳ ಎರಡೂ ಇಲ್ಲ.

ಊರಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಜೋಡಿಸುವ ಹೆಂಗಸು ಮುಟ್ಟಲಾಗದ ಪೆಟ್ಟಿಗೆ ಲೋಕದಲ್ಲಿ ಒಂದೇ ಒಂದಿತ್ತು, ಅವಳ ಮನೆಯದೇ.

ಚಹಾ ತಣ್ಣಗಾಗಿತ್ತು. ಸುತ್ತು ದಾರಿ ಹಾಗೆ. ಸಾರ್ಜೆಂಟ್ ಅದನ್ನು ಬಹಳ ಇಷ್ಟಪಟ್ಟು ಕುಡಿದಳು.

ರಾಡೇಬೆಯ ಮನೆಯ ಮುಂದೆ ಸಭೆ ತುಂಬಿತ್ತು. ಗಂಡಸರು ಬೆಂಚು, ಸ್ಟೂಲುಗಳ ಮೇಲೆ, ಹೆಂಗಸರು ಚಾಪೆಯ ಮೇಲೆ, ಮಾಗತ್ಯೇನಿ ಅಜ್ಜಿ ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ. ನಾಯಕ ರಾಡೇಬೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಿಂಹಾಸನದಲ್ಲಿ ಕೂತಂತೆ ಕೂತಿದ್ದ. ಅವನ ಹೆಂಡತಿ ಮಾಮಿಯಾ ದೊಡ್ಡ ಕೆಟಲು ಹಿಡಿದು ಎಲ್ಲರಿಗೂ ಚಹಾ ಸುರಿಯುತ್ತಿದ್ದಳು, ಯಾರಿಗೆ ಎಷ್ಟು ಸಕ್ಕರೆ ಎಂದು ಕೇಳದೆಯೇ ತಿಳಿದವಳು.

ಮೊದಲು ಎದ್ದವನು ಮ್ಖುಸೆಲಿ. ಜಾಲವನ್ನು ರೂಪಿಸಿದ ಇಂಜಿನಿಯರು, ದೂರದ ಬಂದರು ಪಟ್ಟಣದವನು, ಚಳಿಗೂ ಚಪ್ಪಲಿ ಹಾಕುವವನು.

"ಶನಿವಾರ ದಟ್ಟಣೆ ಆಗಿದ್ದು ನಿಜ," ಎಂದ. "ಆದರೆ ನನ್ನ ಜಾಲ ದಟ್ಟಣೆ ಕಂಡರೆ ಹೊರೆಯನ್ನ ನಾಲ್ಕು ದಾರಿಗೆ ಹಂಚುತ್ತೆ. ಹಂಚಲಿಲ್ಲ ಅಂದ್ರೆ ಯಾರೋ ಕೈ ಹಾಕಿದಾರೆ."

"ಭಾನುವಾರ ಎಲ್ಲ ಅಳಿಸಿದ್ದು ನಿನ್ನ ಕೈಯೇ ಅಲ್ವಾ ತಮ್ಮಾ?" ಸಾರ್ಜೆಂಟ್ ಕೂತಲ್ಲಿಂದಲೇ ಕೇಳಿದಳು.

ಗುಸುಗುಸು ಎದ್ದಿತು. ಮ್ಖುಸೆಲಿಯ ಕಿವಿ ಕೆಂಪೇರಿತು.

"ಕ್ಲಿನಿಕ್ಕಿಗೂ ಮೆಸೇಜು ಹೋಗ್ತಿರಲಿಲ್ಲ, ಅಕ್ಕಾ. ಬಸುರಿ ಒಬ್ಬಳು ಆಂಬುಲೆನ್ಸಿಗೆ ಕಾಯ್ತಿದ್ಲು. ಆರಿಸಿ ಹೊತ್ತಿಸದೆ ಬೇರೆ ದಾರಿ ಇರಲಿಲ್ಲ. ನನ್ನ ಮೇಲೆ ಅನುಮಾನ ಇದ್ರೆ ಕೇಳಿ, ಯಾರು ಕೈ ಹಾಕಿದ್ದು ಅಂತ ನಾನು ನೋಡಿದೀನಿ."

ಕೆಟಲಿನ ಸದ್ದೊಂದು ಬಿಟ್ಟು ಎಲ್ಲ ನಿಂತಿತು.

"ಶುಕ್ರವಾರ ಬೆಳಿಗ್ಗೆ ಶಾಲೆ ಮಾಡಿನ ಮೇಲೆ ಆಂಟೆನಾ ತಿರುಗಿಸ್ತಿದ್ದೆ. ಎದುರು ದಿಣ್ಣೇಲಿ ಮಿಯಾ ಅವರ ಮನೆ. ನೊಸಾಂಗೊ ಮನೆಯಿಂದ ಹೊರಗೆ ಬಂದ್ಲು, ಅಂಗಳ ದಾಟಿದ್ಲು, ದೊಡ್ಡಿಗೆ ಹೋಗಿ ಪೆಟ್ಟಿಗೆ ಮುಚ್ಚಳ ತೆಗೆದು ಒಳಗೆ ಕೈ ಇಟ್ಟು ನಿಂತ್ಲು. ಗುಂಡಿ ಒತ್ತಿ ಹಿಡಿಯೋರು ನಿಲ್ಲೋ ಹಾಗೆ."

ನೊಸಾಂಗೊ ಚಾಪೆಯಿಂದ ಅರ್ಧ ಎದ್ದಳು.

"ಅಂಗಳ ದಾಟಿದ್ಲು?" ಸಾರ್ಜೆಂಟ್ ಕೇಳಿದಳು.

"ದಾಟಿದ್ಲು."

"ಸುತ್ತಿ ಹೋಗ್ಲಿಲ್ಲ? ನಡುವೆಯೇ?"

"ಸುತ್ತೋದ್ಯಾಕೆ? ಸೀದಾ ನಡುವೆ."

ಬೆಂಚಿನ ಕೊನೆಯಲ್ಲಿ ಮುದುಕನೊಬ್ಬ ಗೊಳ್ಳೆಂದ. ನಗು ಬೆಂಚಿನುದ್ದಕ್ಕೂ ಹರಿಯಿತು. ಹೆಂಗಸರು ಬಾಯಿಗೆ ಸೆರಗಿನಂತೆ ಶಾಲು ಒತ್ತಿಕೊಂಡರು.

"ಸೊಸೆ! ದೊಡ್ಡೀಲಿ!" ಎಂದಳು ಅಜ್ಜಿ. "ಅದೂ ಹಾಡಹಗಲು! ಈ ಹುಡುಗನ್ನ ಯಾವ ಊರಲ್ಲಿ ಬೆಳೆಸಿದ್ರಪ್ಪ?"

"ಯಾವ ಮಹಡೀಲಿ ಅಂತ ಕೇಳಿ ಅಜ್ಜಿ," ಎಂದಳು ಸಾರ್ಜೆಂಟ್. "ತಮ್ಮಾ, ನಿಮ್ಮಮ್ಮ ಗಂಡನ ಮನೆ ದೊಡ್ಡಿ ದಾಟ್ತಿದ್ಲಾ?"

"ನಮ್ಮದು ಫ್ಲ್ಯಾಟು," ಎಂದ ಮ್ಖುಸೆಲಿ. ಹೇಳುತ್ತಿದ್ದಂತೆ ಅವನಿಗೇ ಅರ್ಥವಾಗುತ್ತ ಬಂತು. "ಅಯ್ಯೋ. ಆದರೆ ನಾನು ನೋಡಿದ್ದು ಸುಳ್ಳಲ್ಲ! ದೇವರಾಣೆ!"

"ಸುಳ್ಳುಗಾರ ಇಲ್ಲೇ!" ಎಂದು ಯಾರೋ ಕೂಗಿದರು. ರಾಡೇಬೆ ಕೈ ಎತ್ತಿದ. ಅವನ ಮುಖದಲ್ಲಿ ಸಭೆ ಬೇಗ ಮುಗಿಯುವ ಸಮಾಧಾನವಿತ್ತು.

"ಒಂದು ನಿಮಿಷ, ನಾಯಕರೇ." ಸಾರ್ಜೆಂಟ್ ಎದ್ದು ನಿಂತಳು. ಸುಳ್ಳು ಹೇಳುವವರನ್ನು ಆಕೆ ಸಾಕಷ್ಟು ಕಂಡಿದ್ದಳು. ಅವರು ನಂಬಲು ಸುಲಭವಾದದ್ದನ್ನು ಹೇಳುತ್ತಾರೆ. ಊರೇ ನಗುವಂಥದ್ದನ್ನು ಹೇಳಿ, ನಕ್ಕ ಮೇಲೂ ಹಟ ಹಿಡಿಯುವವನು ಕಂಡದ್ದನ್ನೇ ಹೇಳುತ್ತಿರುತ್ತಾನೆ. "ಈ ಹುಡುಗ ನಿಜಾನೇ ಹೇಳ್ತಿದಾನೆ. ಅವನು ಶುಕ್ರವಾರ ಅಂತಾನೆ. ಅಜ್ಜಿ ಕಂಕುಳಲ್ಲಿರೋ ಸಾಕ್ಷೀನೂ ಶುಕ್ರವಾರ ಅಂತಾಳೆ. ಅವತ್ತಿಂದ ದೊಡ್ಡಿ ಪೆಟ್ಟಿಗೆ ಬಿಸಿ, ಅಜ್ಜಿ ಪೆಟ್ಟಿಗೆ ತಣ್ಣಗೆ. ದೊಡ್ಡಿ ಪೆಟ್ಟಿಗೆ ಎಲ್ಲರನ್ನೂ 'ಬನ್ನಿ, ಖಾಲಿ ಇದೀನಿ' ಅಂತ ಕರೀತಿತ್ತು. ಶನಿವಾರ ಊರಿನ ಪಂದ್ಯವೆಲ್ಲ ಅದರ ಕುತ್ತಿಗೆ ಮೇಲೆ. ಬಾಗಿಲು ತೆಗೆದಾಗ ಕೂಗಬೇಕಾದ್ದೂ ಅದೇ ಪೆಟ್ಟಿಗೆ. ಪಾಪ, ಚೆಂಡು ದಾರಿ ಬಿಟ್ಟರೆ ತಾನೆ ಕೂಗು ಹೊರಗೆ ಬರೋದು?"

ನಗು ನಿಂತಿತ್ತು.

"ಮ್ಖುಸೆಲಿ, ಮುಖ ನೋಡಿದ್ಯಾ?"

ಅವನು ಯೋಚಿಸಿದ. "ಶಾಲು ನೋಡಿದೆ. ನೀಲಿ ಶಾಲು, ಅವಳು ದಿನಾ ಹೊದೆಯೋದು. ಪೆಟ್ಟಿಗೆ ಮುಟ್ಟೋಳು ಇನ್ಯಾರಿದಾರೆ ಅಂದ್ಕೊಂಡೆ."

"ನೊಸಾಂಗೊ, ಶುಕ್ರವಾರ ನೀಲಿ ಶಾಲು ಎಲ್ಲಿತ್ತು?"

"ಒಗೆದು ಹಗ್ಗಕ್ಕೆ ಹಾಕಿದ್ದೆ, ಮಾಡ್ಲೋಮೊ. ಮಿಕ್ಕ ಬಟ್ಟೆ ತಗೊಂಡು ನದಿಗೆ ಹೋದೆ. ನನ್ನ ಜೊತೆ ಇವರೆಲ್ಲ ಇದ್ರು." ಚಾಪೆಯ ಮೇಲಿನ ಹೆಂಗಸರು ಒಟ್ಟಿಗೇ ತಲೆಯಾಡಿಸಿದರು.

ಸಾರ್ಜೆಂಟ್ ನಾಯಕನ ಕಡೆ ತಿರುಗಿದಳು. "ನೀವು ಹಿರಿಯರು, ಪದ್ಧತಿ ತಿಳಿದೋರು. ಮಿಯಾ ಮನೆ ಅಂಗಳವನ್ನ ಯಾವ ಹೆಂಗಸು ಹೆದರದೆ ದಾಟಬಹುದು?"

"ಆ ಮನೇಲಿ ಹುಟ್ಟಿದೋಳು," ಎಂದ ರಾಡೇಬೆ ಠೀವಿಯಿಂದ. "ಮಗಳಿಗೆ ಅಪ್ಪನ ದೊಡ್ಡಿ ಯಾವತ್ತೂ..."

ಮಾತು ಅಲ್ಲೇ ನಿಂತಿತು. ಎರಡು ಸಲ ಚುನಾವಣೆಯ ಭಾಷಣಗಳಲ್ಲಿ ಎಲ್ಲರನ್ನೂ ಮಲಗಿಸಿದ್ದ ಆ ಬಾಯಿ ತೆರೆದುಕೊಂಡೇ ಉಳಿಯಿತು.

"ಆ ಮನೇಲಿ ಹುಟ್ಟಿದ ಹೆಣ್ಣುಮಕ್ಕಳು ಎಷ್ಟು ಜನ, ನಾಯಕರೇ?"

ಕೆಟಲು ನೆಲಕ್ಕಿಟ್ಟ ಸದ್ದಾಯಿತು.

"ಒಬ್ಬಳೇ," ಎಂದಳು ಮಾಮಿಯಾ. "ಅವರನ್ನ ಯಾಕೆ ಕೇಳ್ತೀಯ? ದಿನಕ್ಕೆ ನೂರು ಸಲ ನೀವೆಲ್ಲ ನನ್ನನ್ನ ಮಿಯಾ ಮಗಳೇ ಅಂತ ಕೂಗ್ತೀರಲ್ಲ."

"ಕೂತ್ಕೋ," ಎಂದ ರಾಡೇಬೆ.

"ಮದುವೆ ಆದಾಗಿಂದ ಕೂತೇ ಇದೀನಿ, ಈಗ ನಿಲ್ತೀನಿ." ಅವಳು ನೊಸಾಂಗೊಳ ಕಡೆ ನೋಡಿದಳು. "ಶುಕ್ರವಾರ ಅಪ್ಪನ ಮನೆಗೆ ಹೋಗಿದ್ದೆ. ಚಳಿ ಇತ್ತು, ಹಗ್ಗದ ಮೇಲಿನ ಶಾಲು ಎಳ್ಕೊಂಡು ಹೊದ್ದೆ. ಗುಂಡಿ ಒತ್ತಿದ್ದು ನಾನೇ. ನಿನ್ನ ತಲೆ ಮೇಲೆ ಬರುತ್ತೆ ಅಂತ ಗೊತ್ತಾಗ್ಲಿಲ್ಲ ಮಗಳೇ. ಗೊತ್ತಾದ್ಮೇಲೆ ಹೇಳೋಕೆ ಧೈರ್ಯ ಆಗ್ಲಿಲ್ಲ."

"ದನ ಹೊಡ್ಕೊಂಡು ಹೋಗೋರಿಗೆ ದಾರಿ ಮಾಡಿ ಕೊಟ್ರಾ?" ಸಾರ್ಜೆಂಟ್ ಮೆಲ್ಲಗೆ ಕೇಳಿದಳು.

"ದನದ ಸುದ್ದಿ ನಂಗೇನು ಗೊತ್ತು? ಅಪ್ಪ ಕರೆದು ಹೇಳಿದ್ರು, ಒತ್ತಿದೆ. 'ತರಬೇತಿಗೆ ಹೋಗಿದ್ಯಲ್ಲ, ಆ ಗುಂಡಿ ಒತ್ತಮ್ಮ. ಶನಿವಾರ ಪಂದ್ಯ ನೋಡಬೇಕು, ನಮ್ಮನೇಲಿ ಚೆನ್ನಾಗಿ ಬರಲಿ' ಅಂದ್ರು."

ಹುಟ್ಟಿದಾಗಿನಿಂದ ಪಂದ್ಯ ನೋಡದ ಮನುಷ್ಯ.

ಸಾರ್ಜೆಂಟ್ ಜಿಜಾನಾ ಗಂಡಸರ ಸಾಲಿನತ್ತ ನೋಡಿದಳು. ತನ್ನ ದನಗಳನ್ನು ತಾನೇ ಗುಟ್ಟಾಗಿ ಸಾಗಿಸಲು ದೊಡ್ಡಿಯ ಬಾಯನ್ನು ಕಟ್ಟಿಸಿದವನು ಇಷ್ಟು ಹೊತ್ತೂ ರಾಡೇಬೆಯ ಬಲಗಡೆಗೆ ಕೂತಿದ್ದ. ಅಜ್ಜಿ ಬೈಯುವಾಗಲೂ ಇದ್ದ, ಊರು ನಗುವಾಗಲೂ ಇದ್ದ.

ಸಭೆ ಮುಗಿಯಿತು. ನೊಸಾಂಗೊಳ ಗಂಟು ಬಿಚ್ಚಿತು. ಕಂಬಗಳನ್ನು ಯಾರೂ ಕೀಳಲಿಲ್ಲ. ವೆಲಾಫಿ ಮಿಯಾನ ಸ್ಟೂಲು ಮಾತ್ರ ಖಾಲಿಯಿತ್ತು; ಮಗಳ ಮಾತು ಮುಗಿಯುವಷ್ಟರಲ್ಲಿ ಅವನು ಜಾರಿಕೊಂಡಿದ್ದ.